ಬರಾಬರ್ ಎಂದ ತಪ್ಪಿಗೆ

ಒಂದು ಕೆಲಸ ಸಿಗಬೇಕಾದರೆ ಆ ಕೆಲಸ ಬರುತ್ತಿರಬೇಕು ಎಂದು ಹಿರಿಯರು ಹೇಳುತ್ತ ಬಂದಿದ್ದಾರೆ. ಪಾಪ, ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ಆದರೆ ನನ್ನ ಅನುಭವದಲ್ಲಿ, ಬಾರದಿರುವುದರಿಂದ ಸಿಗುವ ಕೆಲಸಗಳೇ ಹೆಚ್ಚು ಮರ್ಯಾದೆಯವು. ಮದುವೆಮನೆಯಲ್ಲಿ ಅಡುಗೆ ಬರುವವನು ಒಲೆಯ ಮುಂದೆ ಬೇಯುತ್ತಾನೆ. ಏನೂ ಬಾರದವನ ಕೈಗೆ ಪನ್ನೀರುದಾನಿ ಕೊಟ್ಟು, ಬಾಗಿಲಲ್ಲಿ ನಿಂತು ಬಂದವರನ್ನು ನಗುನಗುತ್ತ ಕರೆಯಪ್ಪ ಎನ್ನುತ್ತಾರೆ. ಫೋಟೋದಲ್ಲಿ ಬೀಳುವವನೂ ಅವನೇ. ಸೂರತ್ತಿನ ಒಂದು ಹೈಸ್ಕೂಲಿನಲ್ಲಿ ನನಗೆ ಮಕ್ಕಳ ಆಪ್ತ ಸಲಹೆಗಾರನ ಪದವಿ ದೊರೆತದ್ದು ಹೀಗೆಯೇ. ಗುಜರಾತಿ ಬರುವುದಿಲ್ಲ ಎಂಬ ಒಂದೇ ಯೋಗ್ಯತೆಯ ಮೇಲೆ.

ನಾನು ಗದಗಿನ ಕಡೆಯವನು, ಗಣಿತದ ಮಾಸ್ತರ. ನನ್ನ ಹೆಂಡತಿ ಗಿರಿಜಾ ಕೇಂದ್ರ ಸರಕಾರದ ದೊಡ್ಡದೊಂದು ಕಂಪನಿಯಲ್ಲಿ ಎಂಜಿನಿಯರು. ಅವಳಿಗೆ ಎಲ್ಲಿಗೆ ವರ್ಗವಾಗುತ್ತದೋ ಅಲ್ಲಿಗೆ ನಾನೂ ಸಾಮಾನಿನ ಲಾರಿಯ ಹಿಂದೆ, ದೇವರ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಹೋಗುತ್ತೇನೆ. ಗಣಿತದ ಮಾಸ್ತರಿಗೆ ಎಲ್ಲ ಊರಲ್ಲೂ ಅನ್ನವಿದೆ. ಮಕ್ಕಳು ಗಣಿತಕ್ಕೆ ಹೆದರದ ಊರನ್ನು ದೇವರು ಇನ್ನೂ ಸೃಷ್ಟಿಸಿಲ್ಲ. ಸೂರತ್ತಿನಲ್ಲಿ ನಮ್ಮ ಮನೆ ಅಡಾಜಣ್‌ನಲ್ಲಿ. ಇಂಗ್ಲಿಷ್ ಮಾಧ್ಯಮದ ನಮ್ಮ ಶಾಲೆ ಮಾತ್ರ ತಾಪಿ ನದಿಯಾಚೆ ವರಾಛಾದಲ್ಲಿ, ವಜ್ರಕ್ಕೆ ಸಾಣೆ ಹಿಡಿಯುವ ಕಾರಖಾನೆಗಳ ನಡುವೆ. ದಿನಾ ಸ್ಕೂಟರಿನಲ್ಲಿ ಸೇತುವೆ ದಾಟಿ ಹೋಗಿ ಬರುತ್ತೇನೆ.

ನಾಲ್ಕು ವರ್ಷವಾದರೂ ನಾನು ಗುಜರಾತಿ ಕಲಿಯಲಿಲ್ಲ ಎಂಬುದು ಮನೆಯಲ್ಲಿ ಒಂದು ಹಳೆಯ ಜಗಳ. ಗಿರಿಜಾ ಆರೇ ತಿಂಗಳಲ್ಲಿ ಕಲಿತಳು. ಮಗಳಂತೂ ಕನ್ನಡಕ್ಕಿಂತ ಚೆನ್ನಾಗಿ ಆಡುತ್ತಾಳೆ. ಈಗ ವಡೋದರಾದ ಕಾಲೇಜಿನಲ್ಲಿದ್ದಾಳೆ. ಫೋನಿನಲ್ಲಿ ತಾಯಿ ಮಗಳು ನನ್ನ ವಿಷಯ ಮಾತಾಡುವಾಗಲೆಲ್ಲ ಗುಜರಾತಿಗೆ ಹಾರುತ್ತಾರೆ. ನನ್ನ ಹೆಸರು ಬಂತೆಂದು ನನಗೆ ಗೊತ್ತಾಗುವುದು ಇಬ್ಬರೂ ನಗುವುದರಿಂದ.

"ಅಲ್ರೀ, ಇನ್ನೂ ಕಾಯಿಪಲ್ಲೆ ಮಾರಾವನ ಜೋಡಿ ಹಿಂದಿ ಮಾತಾಡ್ತೀರಲ್ಲ, ನಾಚಿಕಿ ಬರೂದಿಲ್ಲೇನು?" ಎನ್ನುತ್ತಾಳೆ ಗಿರಿಜಾ.

"ಅವಂಗ ಹಿಂದಿ ಬರ್ತೈತಲ್ಲ. ಇಬ್ಬರಿಗೂ ಬರೋ ಭಾಷಾ ಇರೂವಾಗ ಮತ್ತೊಂದು ಯಾಕ ಕಲೀಬೇಕು?" ಎನ್ನುತ್ತೇನೆ ನಾನು. ಗಣಿತದವರ ತರ್ಕ ಹೀಗೆಯೇ ಇರುತ್ತದೆ. ಉತ್ತರ ಸರಿಯಿರುತ್ತದೆ, ಬದುಕಿಗೆ ಹೊಂದುವುದಿಲ್ಲ.

ಈಗ ಪದವಿಯ ಕಥೆ. ದೀಪಾವಳಿ ರಜೆ ಮುಗಿದು ಶಾಲೆ ತೆರೆಯಿತೆಂದರೆ ಇಲ್ಲಿ ಚಳಿಗಾಲ. ಸೂರತ್ತಿನ ಚಳಿಯ ಬಗ್ಗೆ ಹೆಚ್ಚು ಹೇಳುವಂತಿಲ್ಲ. ಫ್ಯಾನು ಒಂದು ಸುತ್ತು ನಿಧಾನ ತಿರುಗಿದರೆ ಅದೇ ಚಳಿ. ಆದರೂ ತಾಯಂದಿರು ಮಕ್ಕಳಿಗೆ ಸ್ವೆಟರು, ಅದರ ಮೇಲೆ ಮಂಗನ ಟೊಪ್ಪಿಗೆ ಹಾಕಿ ಕಳಿಸುತ್ತಾರೆ. ಹತ್ತು ಗಂಟೆಯ ಹೊತ್ತಿಗೆ ಬೆವರಿದ ಮಕ್ಕಳ ಸ್ವೆಟರುಗಳೆಲ್ಲ ಕ್ಲಾಸಿನ ಕಿಟಕಿಗೆ ಜೋತು ಬಿದ್ದಿರುತ್ತವೆ. ಶಾಲೆಯ ಸಂಭ್ರಮವೆಲ್ಲ ಈ ಕಾಲಕ್ಕೇ. ಆಟೋಟ, ಪಿಕ್ನಿಕ್ಕು, ಉತ್ತರಾಯಣದ ಗಾಳಿಪಟ, ಕೊನೆಗೆ ವಾರ್ಷಿಕೋತ್ಸವ. ಇವುಗಳ ನಡುವೆ ಹತ್ತನೆಯ ತರಗತಿಯವರಿಗೆ ಬೋರ್ಡ್ ಪರೀಕ್ಷೆಯ ಭೂತ. ಒಂದೇ ಹುಡುಗಿ ಬೆಳಿಗ್ಗೆ ಗರಬಾ ತಾಲೀಮಿನಲ್ಲಿ ಕುಣಿದು, ಮಧ್ಯಾಹ್ನ ಬೀಜಗಣಿತ ನೋಡಿ ಅಳುತ್ತಾಳೆ. ಇದನ್ನು ಕಂಡು ನಮ್ಮ ಪ್ರಿನ್ಸಿಪಾಲರಾದ ಹಂಸಾಬೇನ್ ಅವರು, ಮಕ್ಕಳು ಬಂದು ಮನಸ್ಸಿನ ಭಾರ ಇಳಿಸಿ ಹೋಗಲಿ ಎಂದು ಆಟದ ಸಾಮಾನಿನ ಕೋಣೆಯನ್ನು ಗುಡಿಸಿ, ಎರಡು ಕುರ್ಚಿ ಹಾಕಿ, 'ಸಪೋರ್ಟ್ ರೂಮ್' ಎಂದು ಬೋರ್ಡು ಬರೆಸಿದರು.

ಮೊದಲು ಅಲ್ಲಿ ಕೂತವರು ಗುಜರಾತಿ ಪಾಠ ಹೇಳುವ ನಿಲೇಶ್‌ಭಾಯಿ. ಒಳ್ಳೆಯ ಮನುಷ್ಯ. ಆದರೆ ಮಗು ಬಾಯಿ ತೆರೆದು ಅರ್ಧ ದುಃಖ ಹೇಳುವಷ್ಟರಲ್ಲಿ ಅವರಿಗೆ ಪೂರ್ತಿ ದುಃಖ ತಿಳಿದುಬಿಡುತ್ತಿತ್ತು. ಉಳಿದ ಹೊತ್ತೆಲ್ಲ ಉಪದೇಶ. ಸಾಲದ್ದಕ್ಕೆ, ಸಂಜೆ ತರಕಾರಿ ಗಾಡಿಯ ಹತ್ತಿರ ಆ ಮಗುವಿನ ತಾಯಿ ಸಿಕ್ಕರೆ ಅಲ್ಲೂ ಒಂದು ಕಂತು. ವಾರವೆರಡು ಕಳೆಯುವುದರೊಳಗೆ ಮಕ್ಕಳು ಆ ಕೋಣೆಯ ಮುಂದೆ ಹಾಯುವಾಗ ಉಸಿರು ಬಿಗಿಹಿಡಿಯತೊಡಗಿದರು. ಆಮೇಲೆ ಹಂಸಾಬೇನ್ ನನ್ನನ್ನು ಕರೆಸಿ, "ಸರ್, ಮಕ್ಕಳು ನಿಮ್ಮನ್ನೇ ಕೇಳ್ತಿದ್ದಾರೆ. ನಿಮ್ಮ ಹತ್ತಿರ ಹೇಳಿದ ಮಾತು ಹೊರಗೆ ಹೋಗಲ್ಲ ಅಂತಾರೆ," ಎಂದರು. ನನಗೆ ಕಣ್ಣು ತುಂಬಿ ಬಂತು. ಹೊರಗೆ ಹೋಗಬೇಕಾದರೆ ಮಾತು ಮೊದಲು ಒಳಗೆ ಹೋಗಬೇಕು ಎಂಬ ಸರಳ ಸಂಗತಿ ಆಗ ಹೊಳೆಯಲೇ ಇಲ್ಲ.

ಕೋಣೆ ತುಂಬಿತು ನೋಡಿ! ಊಟದ ಬಿಡುವಿನಲ್ಲಿ ಬಾಗಿಲ ಹೊರಗೆ ಸಾಲು. ಮಕ್ಕಳು ನನಗಾಗಿ ಮೊದಲು ಇಂಗ್ಲಿಷಿನಲ್ಲಿ ಶುರುಮಾಡುತ್ತಿದ್ದರು, ಸ್ವಲ್ಪ ಹೊತ್ತಿಗೆ ಹಿಂದಿಗೆ ಇಳಿಯುತ್ತಿದ್ದರು. ದುಃಖ ಗಂಟಲಿಗೆ ಬಂದಾಗ ಮಾತ್ರ ತಾಯಿಯ ಭಾಷೆಯೇ ಬೇಕು, ಸರಸರನೆ ಗುಜರಾತಿ ಹರಿಯುತ್ತಿತ್ತು. ಆ ಹೊಳೆಯಲ್ಲಿ ನನ್ನ ಬಳಿ ಇದ್ದದ್ದು ನಾಲ್ಕೇ ಹುಟ್ಟು. 'ಹಾ' ಎಂದರೆ ಹೌದು. 'ಪಛೀ?' ಎಂದರೆ ಆಮೇಲೆ? 'ಅರೆರೆ' ಎಂದರೆ ಅರೆರೆಯೇ. ನಾಲ್ಕನೆಯದು 'ಬರಾಬರ್', ನಮ್ಮ ಕಡೆಯ ಬರೋಬರಿಯೇ, ಎಂದರೆ ಸರಿ. ಎದುರಿನ ಮುಖ ನೋಡಿಕೊಂಡು ಯಾವುದನ್ನು ಎಲ್ಲಿ ಹಾಕಬೇಕೋ ಹಾಕುತ್ತಿದ್ದೆ. ಕಣ್ಣಲ್ಲಿ ನೀರು ಕಂಡರೆ ಅರೆರೆ, ಮಾತು ನಿಂತರೆ ಪಛೀ, ಎಲ್ಲ ಮುಗಿಯಿತೆನಿಸಿದಾಗ ಬರಾಬರ್. ಮಕ್ಕಳು ಮೂಗು ಒರೆಸಿಕೊಂಡು, "ಥ್ಯಾಂಕ್ಯೂ ಸರ್, ಈಗ ಹಗುರಾಯ್ತು," ಎಂದು ಹೋಗುತ್ತಿದ್ದರು. ಒಬ್ಬ ಹುಡುಗನ ತಾಯಿ, ನಿಮ್ಮ ಮಾತಿನಿಂದ ಮಗ ಊಟ ಮಾಡತೊಡಗಿದ ಎಂದು ಡಬ್ಬಿ ತುಂಬ ಥೇಪ್ಲಾ, ಎಂದರೆ ಮೆಂತ್ಯದ ಚಪಾತಿ, ಕಳಿಸಿದರು. ಆ ಹುಡುಗ ಊಟ ಬಿಟ್ಟದ್ದೇ ನನಗೆ ಆಗ ಗೊತ್ತಾದದ್ದು. ಥೇಪ್ಲಾ ಮಾತ್ರ ಬಹಳ ಚೆನ್ನಾಗಿತ್ತು.

ಹೊಗಳಿಕೆ ತಲೆಗೇರುವುದಕ್ಕೆ ಚಳಿಗಾಲ ಒಳ್ಳೆಯ ಕಾಲ. ಡಿಸೆಂಬರಿನಲ್ಲಿ ಶಾಲೆಯವರೆಲ್ಲ ಸೇರಿ ತಾಪಿಯ ದಂಡೆಗೆ ಪೋಂಕ್ ತಿನ್ನಲು ಹೋದೆವು. ಪೋಂಕ್ ಎಂದರೆ ಎಳೆಯ ಜೋಳದ ತೆನೆಯನ್ನು ಸುಟ್ಟು ಉದುರಿಸಿದ ಹಸಿರು ಕಾಳು. ನಮ್ಮ ಸೀತನಿ! ಅದನ್ನು ಇವರು ನಿಂಬೆರುಚಿಯ ಸೇವಿನ ಜೊತೆ ತಿಂದು, ಲೋಕದಲ್ಲಿ ಸೂರತ್ತಿನವರಿಗೆ ಮಾತ್ರ ಸಿಗುವ ಭಾಗ್ಯ ಎಂದು ಕಣ್ಣು ಮುಚ್ಚುತ್ತಾರೆ. ನಾನು ಪ್ರತಿ ವರ್ಷ ಎದ್ದು ನಿಂತು, ಇದು ನಮ್ಮ ಹೊಲದಲ್ಲಿ ಅಜ್ಜನ ಕಾಲದಿಂದ ಇದೆ ಎಂದು ಜಗಳ ತೆಗೆಯುತ್ತೇನೆ. ಪ್ರತಿ ವರ್ಷ ಅವರು ನಕ್ಕು ಇನ್ನೊಂದು ತಟ್ಟೆ ನನ್ನ ಮುಂದೆ ತಳ್ಳುತ್ತಾರೆ, ಬಾಯಿ ತುಂಬಿದ ಮೇಲೆ ಜಗಳ ಮುಂದುವರಿಯುವುದಿಲ್ಲ. ಈ ವರ್ಷ ಮಾತ್ರ ನಿಲೇಶ್‌ಭಾಯಿಯೇ ಎದ್ದು, "ಸರ್ ಹೇಳಿದರೆ ಸರಿಯೇ ಇರಬೇಕು. ಅವರ ಮಾತಿನಲ್ಲಿ ಏನೋ ಇದೆ," ಎಂದುಬಿಟ್ಟರು. ಮನೆಗೆ ಬಂದು ಗಿರಿಜಾಗೆ ಹೇಳಿದೆ. "ನಿಮ್ಮ ಮಾತಿನ್ಯಾಗ? ನಾಕು ಶಬ್ದದಾಗ?" ಎಂದಳು. ಗಂಡನ ಏಳಿಗೆಯನ್ನು ಸಹಿಸುವ ಹೆಂಡತಿ ಯಾವ ಭಾಷೆಯಲ್ಲೂ ಇಲ್ಲ.

ಇನ್ನು ಕಿಂಜಲ್. ಹತ್ತನೆಯ ತರಗತಿ, ಖೋಖೋ ತಂಡದ ನಾಯಕಿ. ಅವಳು ಕಾರಿಡಾರಿನಲ್ಲಿ ನಕ್ಕರೆ ಆಫೀಸಿನಲ್ಲಿ ಕೂತವರಿಗೆ ಕೇಳುತ್ತದೆ. ತಂದೆ ಘನಶ್ಯಾಮ್‌ಭಾಯಿ ವಜ್ರದ ಕಾರಖಾನೆಯಲ್ಲಿ ಸಾಣೆ ಹಿಡಿಯುವವರು. ಸೌರಾಷ್ಟ್ರದ ಕಡೆಯ ಹಳ್ಳಿಯಿಂದ ಬಂದ ಕುಟುಂಬ. ಕಿಂಜಲ್ ಕೂಡ ಸಪೋರ್ಟ್ ರೂಮಿಗೆ ಬರುತ್ತಿದ್ದಳು, ಆದರೆ ದುಃಖ ಹೇಳಲು ಅಲ್ಲ ಎಂದೇ ನನ್ನ ಭಾವನೆ. ಜೇಬಿನ ತುಂಬ ಬೋರೆಹಣ್ಣು ತಂದು, ನನಗಷ್ಟು ಕೊಟ್ಟು ತಾನಷ್ಟು ತಿನ್ನುತ್ತ, ಬೀಜ ಉಗುಳುತ್ತ, ತನ್ನ ಸೌರಾಷ್ಟ್ರದ ಗುಜರಾತಿಯಲ್ಲಿ ರೈಲು ಬಿಡುತ್ತಿದ್ದಳು. ಅವಳ ಮಾತಿನಲ್ಲಿ ನನಗೆ ತಿಳಿಯುತ್ತಿದ್ದುದು 'ಸರ್' ಒಂದೇ. ನಾನು ಹಣ್ಣು ತಿನ್ನುತ್ತ ಪಛೀ ಪಛೀ ಎನ್ನುತ್ತಿದ್ದೆ. ಬಹಳ ಸುಖದ ಅರ್ಧ ಗಂಟೆಗಳು ಅವು.

ಜನವರಿ ಶುರುವಿನಲ್ಲಿ ಒಮ್ಮೆ ಬಂದವಳು ಹಣ್ಣು ತಂದಿರಲಿಲ್ಲ. ಕುರ್ಚಿಯ ತುದಿಯಲ್ಲಿ ಕೂತು ನಿಧಾನವಾಗಿ ಮಾತಾಡಿದಳು. ನಡುವೆ 'ಪಪ್ಪಾ' ಬಂತು, 'ಉತ್ತರಾಯಣ' ಬಂತು. ಕೊನೆಗೆ ನನ್ನ ಮುಖ ನೋಡಿ ಏನೋ ಕೇಳಿ ನಿಲ್ಲಿಸಿದಳು. ಓಹೋ, ಉತ್ತರಾಯಣಕ್ಕೆ ಶಾಲೆಗೆ ತಂದೆಯನ್ನು ಕರೆದುಕೊಂಡು ಬರಲೇ ಎಂದು ಕೇಳುತ್ತಿದ್ದಾಳೆ, ಪಾಪ, ಇದಕ್ಕೂ ಸಂಕೋಚವೇ ಎಂದುಕೊಂಡು, "ಬರಾಬರ್," ಎಂದೆ. ಅವಳು ಇನ್ನೊಮ್ಮೆ ಕೇಳಿದಳು. ನಾನು ಧಾರಾಳವಾಗಿ, "ಏಕದಮ್ ಬರಾಬರ್!" ಎಂದೆ. ಕಣ್ಣೊರೆಸಿಕೊಂಡು ನಕ್ಕಳು, ಕಾಲು ಮುಟ್ಟಿ ನಮಸ್ಕಾರ ಮಾಡಿ ಹೋದಳು. ಇವತ್ತು ಒಂದು ಒಳ್ಳೆಯ ಕೆಲಸವಾಯಿತು ಎಂದುಕೊಂಡು ನಾನು ಚಹಾ ತರಿಸಿಕೊಂಡೆ.

ಉತ್ತರಾಯಣದ ಹಿಂದಿನ ದಿನ ಶಾಲೆಯ ತಾರಸಿಯ ಮೇಲೆ ಹಬ್ಬ. ಮಕ್ಕಳು, ಪಾಲಕರು, ಮಾಸ್ತರರು, ಯಾರು ಯಾರೆಂದು ತಿಳಿಯದಷ್ಟು ಜನ. ಒಂದು ಮೂಲೆಯಲ್ಲಿ ಪಾತ್ರೆ ತುಂಬ ಉಂಧಿಯು ಎಂಬ ಚಳಿಗಾಲದ ತರಕಾರಿ ಪಲ್ಯ, ಇನ್ನೊಂದು ಮೂಲೆಯಲ್ಲಿ ಕಿವಿಗಡಚಿಕ್ಕುವ ಸ್ಪೀಕರು, ಮೇಲೆ ಆಕಾಶವೇ ಕಾಣದಷ್ಟು ಪಟಗಳು. ಗಿರಿಜಾ ರಜೆ ಹಾಕಿ ಬಂದಿದ್ದಳು, ಸಂಕ್ರಾಂತಿಗೆಂದು ಎಳ್ಳು ಹಚ್ಚಿದ ಸಜ್ಜೆರೊಟ್ಟಿ, ಶೇಂಗಾಹೋಳಿಗೆ ಮಾಡಿಕೊಂಡು. ಬಂದು ನೋಡುತ್ತೇನೆ, ಹೋಳಿಗೆಯ ಡಬ್ಬಿಯ ಸುತ್ತ ಒಂಬತ್ತನೆಯ ತರಗತಿ ಪೂರ್ತಿ ನಿಂತಿದೆ. ಹಂಸಾಬೇನ್ ಸೆರಗು ಬಿಗಿದು, ತಂಪುಕನ್ನಡಕ ಹಾಕಿ ಪಟ ಹಾರಿಸುತ್ತಿದ್ದರು. ಅರವತ್ತರ ಹತ್ತಿರದ ಆ ಹೆಂಗಸು ಅಕ್ಕಪಕ್ಕದ ತಾರಸಿಯ ಹುಡುಗರ ಪಟಗಳನ್ನು ಒಂದೊಂದಾಗಿ ಕತ್ತರಿಸಿ, ಪ್ರತಿ ಸಲ ಒಂದು ಕುಣಿತ ಕುಣಿಯುತ್ತಿದ್ದರು. ಪಟ ಹಾರಿಸಲು ಬಾರದವನಾದ್ದರಿಂದ ನನಗೆ ಅವರ ದಾರದ ಫಿರ್ಕಿ ಹಿಡಿದು ಹಿಂದೆ ನಿಲ್ಲುವ ಗೌರವ.

ಆಗ ಘನಶ್ಯಾಮ್‌ಭಾಯಿ ಬಂದರು. ಸಣಕಲು ಮನುಷ್ಯ, ಇಸ್ತ್ರಿ ಮಾಡಿದ ಬಿಳಿ ಅಂಗಿ. ಹಿಂದೆ ಕಿಂಜಲ್. ಅವರು ನನ್ನ ಎರಡೂ ಕೈ ಹಿಡಿಯಲು ಬಂದು, ಕೈಯಲ್ಲಿ ಫಿರ್ಕಿ ಇದ್ದದ್ದರಿಂದ ಫಿರ್ಕಿಯನ್ನೂ ಸೇರಿಸಿ ಹಿಡಿದು, ಗದ್ಗದವಾಗಿ ಏನೇನೋ ಹೇಳಿದರು. ಪೇಡೆಯ ಡಬ್ಬಿ ತೆರೆದು ಒಂದನ್ನು ನನ್ನ ಬಾಯಿಗೇ ಇಟ್ಟರು. ನಾನು ಪೇಡೆ ಚಪ್ಪರಿಸುತ್ತ, ರೂಢಿಯಂತೆ, "ಹಾ, ಹಾ, ಬರಾಬರ್," ಎಂದೆ.

ಹಂಸಾಬೇನ್ ಪಟ ಬಿಟ್ಟು ತಿರುಗಿದರು. ಕನ್ನಡಕ ತೆಗೆದರು. "ಸರ್, ಇವರು ಹೇಳ್ತಿರೋದು ನಿಜವಾ? ನೀವೇ ಹೇಳಿದ್ರಾ?"

"ಏನು ಹೇಳಿದೆ?"

"ವಜ್ರದ ವ್ಯಾಪಾರ ಬಿದ್ದುಹೋಗಿದೆ, ಕಾರಖಾನೆಯಲ್ಲಿ ಕೆಲಸ ಅರ್ಧ ದಿನ ಸಿಗ್ತಿದೆ, ಹಬ್ಬ ಆದ ಮೇಲೆ ಮನೆ ಖಾಲಿ ಮಾಡಿ ಹಳ್ಳಿಗೆ ಹೋಗ್ತಾರೆ. ಕಿಂಜಲ್ ಪರೀಕ್ಷೆ ಬಿಟ್ಟು ಜೊತೆಗೆ ಹೋಗ್ತಾಳೆ. ಅದೇ ಸರಿ ಅಂತ ನೀವು ಎರಡು ಸಲ ಹೇಳಿದ್ರಂತೆ. ಸಾಹೇಬರೇ ಬರಾಬರ್ ಅಂದಮೇಲೆ ನನ್ನ ಎದೆಯ ಕಲ್ಲು ಇಳಿಯಿತು ಅಂತಿದ್ದಾರೆ."

ಪೇಡೆ ಒಳಗೂ ಹೋಗದೆ ಹೊರಗೂ ಬರದೆ ನಿಂತಿತು. ಹಂಸಾಬೇನರ ಪಟವನ್ನು ಯಾರೋ ಕತ್ತರಿಸಿದರು, ಸುತ್ತಲಿನ ಮಕ್ಕಳು "ಲಪೇಟ್, ಲಪೇಟ್!" ಎಂದು ಕೂಗಿದರು. ನಾನು ಯಂತ್ರದಂತೆ ದಾರ ಸುತ್ತುತ್ತ ನಿಂತೆ. ಆ ಹುಡುಗಿ ನನ್ನ ಮುಂದೆ ಕೂತು ತನ್ನ ಓದನ್ನೇ ಬಿಡಲೇ ಎಂದು ಕೇಳಿದ್ದಳು, ನಾನು ಅದಕ್ಕೆ ಏಕದಮ್ ಎಂದು ಒತ್ತು ಬೇರೆ ಕೊಟ್ಟಿದ್ದೆ! ಗಿರಿಜಾ ರೊಟ್ಟಿ ಹಂಚುವುದನ್ನು ಬಿಟ್ಟು ಬಂದಿದ್ದಳು. "ತಿಳೀಲಾರದ ಹೂಂ ಅಂದ್ರಿ? ಇದಕ್ಕ ಹೂಂ ಅಂದ್ರಿ?" ಎಂದಳು, ಕನ್ನಡದಲ್ಲಿ, ಅಷ್ಟು ಮಟ್ಟಿಗೆ ಮಾನ ಉಳಿಸಿ.

ಪೇಡೆಯನ್ನು ನುಂಗಿದೆ. ಘನಶ್ಯಾಮ್‌ಭಾಯಿಯ ಕೈ ಹಿಡಿದು, ಸೂರತ್ತಿಗೆ ಬಂದ ಮೇಲೆ ಮೊದಲ ಬಾರಿ ಒಂದು ಇಡೀ ಗುಜರಾತಿ ವಾಕ್ಯವನ್ನು ತಪ್ಪಿಲ್ಲದೆ ಆಡಿದೆ. "ಘನಶ್ಯಾಮ್‌ಭಾಯಿ, ಮನೆ ಗುಜರಾತೀ ನಥೀ ಆವಡತೀ." ನನಗೆ ಗುಜರಾತಿ ಬರುವುದಿಲ್ಲ.

ಅವರು ನನ್ನನ್ನೇ ನೋಡಿದರು. ಇಷ್ಟು ಚೆನ್ನಾಗಿ ಹೇಳಿದ ಮೇಲೆ ನಂಬುವುದಾದರೂ ಹೇಗೆ? ಗಿರಿಜಾಳೇ ಬಿಡಿಸಿ ಹೇಳಬೇಕಾಯಿತು. ಅವರ ಮುಖ ಸಣ್ಣದಾಯಿತು, ಆಮೇಲೆ ಮಗಳ ಕಡೆ ತಿರುಗಿತು. ಕಿಂಜಲ್ ನೆಲ ನೋಡುತ್ತ ಮಾತಾಡಿದಳು, ಗಿರಿಜಾ ನನ್ನ ಕಿವಿಯ ಹತ್ತಿರ ಅದನ್ನು ಕನ್ನಡಕ್ಕೆ ಹಾಕುತ್ತ ಹೋದಳು. ಸರ್‌ಗೆ ತಿಳಿಯುವುದಿಲ್ಲ ಎಂದು ಅವಳಿಗೆ ಗೊತ್ತಿತ್ತಂತೆ. ಶಾಲೆಗೆಲ್ಲ ಗೊತ್ತಂತೆ. ತಿಳಿಯದವರ ಮುಂದೆ ಹೇಳಿದರೆ ಬೈಗುಳವಿಲ್ಲ, ಚಾಡಿಯಿಲ್ಲ, ಅದಕ್ಕೇ ಎಲ್ಲರೂ ಹೋಗುವುದಂತೆ. ಆದರೆ ಪಪ್ಪಾ ದಿನಾ ಊಟಕ್ಕೆ ಕೂತು, ನಿನ್ನ ಓದು ಕೆಡಿಸುತ್ತಿದ್ದೇನೆ, ನಿನ್ನ ಸಾಹೇಬರು ಏನೆನ್ನುತ್ತಾರೋ ಎಂದು ಅನ್ನ ಬಿಟ್ಟು ಏಳುತ್ತಿದ್ದರಂತೆ. ಹೋಗುವುದಂತೂ ಹೋಗಲೇಬೇಕು, ಪಪ್ಪಾ ಸಮಾಧಾನದಿಂದಾದರೂ ಹೋಗಲಿ. ಅದಕ್ಕೇ ಸರ್ ಬಾಯಿಂದ ಒಂದು ಬರಾಬರ್ ತೆಗೆದುಕೊಂಡು ಹೋದಳಂತೆ.

ನನ್ನನ್ನು ಪೆದ್ದನೆಂದು ಇಡೀ ಶಾಲೆ ತಿಳಿದಿದೆ ಎಂಬ ಸುದ್ದಿಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ. ಘನಶ್ಯಾಮ್‌ಭಾಯಿ ಅಷ್ಟು ಜನರ ನಡುವೆ ಮಗಳ ತಲೆ ಹಿಡಿದುಕೊಂಡು ಅತ್ತುಬಿಟ್ಟರು, ನನಗೂ ತಡೆಯಲಾಗಲಿಲ್ಲ. ಫಿರ್ಕಿ ಹಿಡಿದುಕೊಂಡೇ ಅತ್ತೆ. ಸ್ಪೀಕರಿನಲ್ಲಿ ಕುಣಿಯುವ ಹಾಡು ನಡೆದೇ ಇತ್ತು.

ಮೊದಲು ಚೇತರಿಸಿಕೊಂಡವರು ಹಂಸಾಬೇನ್. "ಅತ್ತದ್ದಾಯಿತು. ಪರೀಕ್ಷೆ ಮುಗಿಯುವ ತನಕ ಹುಡುಗಿ ಎಲ್ಲಿರಬೇಕು, ಅದನ್ನು ಹೇಳಿ," ಎಂದರು. ಘನಶ್ಯಾಮ್‌ಭಾಯಿಯ ಸಮಾಜದವರ ಹಾಸ್ಟೆಲಿನಲ್ಲಿ ಜೂನ್‌ವರೆಗೆ ಜಾಗವಿಲ್ಲ. ಊರಲ್ಲಿ ಹತ್ತಿರದ ನೆಂಟರಿಲ್ಲ. ಗಿರಿಜಾ ನನ್ನ ಕಡೆ ನೋಡಲೂ ಇಲ್ಲ. "ನಮ್ಮ ಮನ್ಯಾಗ ಮಗಳ ಖೋಲಿ ಖಾಲಿ ಐತಿ," ಎಂದು ನನಗೆ ಕನ್ನಡದಲ್ಲಿ ತಿಳಿಸಿ, ಅದನ್ನೇ ಗುಜರಾತಿಯಲ್ಲಿ ಘನಶ್ಯಾಮ್‌ಭಾಯಿಗೆ ಹೇಳಿದಳು. ಅವರು ಪೇಡೆಯ ಡಬ್ಬಿಯ ಮುಚ್ಚಳ ಹಾಕಿದರು, ತೆಗೆದರು, ಮತ್ತೆ ಹಾಕಿದರು. ಬೆಳೆದ ಮಗಳು, ಬೇರೆ ಜನ. ಆಮೇಲೆ ಸಂಕೋಚದಿಂದ ಒಂದು ಪ್ರಶ್ನೆ ಕೇಳಿದರು. ಗಿರಿಜಾ ಗಂಭೀರವಾಗಿ ಏನೋ ಮಾತು ಕೊಟ್ಟು ನನ್ನ ಕಡೆ ಕೈ ತೋರಿಸಿದಳು. ಅವರು ನನ್ನನ್ನು ನೋಡಿದರು. ಇಂಥ ಹೊತ್ತಿನಲ್ಲಿ ಅನುಮಾನ ತೋರಿಸಬಾರದೆಂದು ನಾನು ಜೋರಾಗಿ ತಲೆಯಾಡಿಸಿದೆ. ಅವರ ಮುಖ ಅರಳಿತು, ಇನ್ನೊಂದು ಪೇಡೆ ನನ್ನ ಬಾಯಿಗೆ ಬಂತು.

ನಾನು ಯಾವುದಕ್ಕೆ ತಲೆಯಾಡಿಸಿದೆನೆಂಬುದು ಮನೆಯಲ್ಲಿ ತಿಳಿಯಿತು. ಅಡುಗೆಮನೆಯ ಬುಟ್ಟಿ ಖಾಲಿ. ಅವರ ಪಂಥದಲ್ಲಿ ಉಳ್ಳಾಗಡ್ಡಿ, ಬೆಳ್ಳುಳ್ಳಿ ನಿಷಿದ್ಧ. ಪರೀಕ್ಷೆ ಮುಗಿಯುವವರೆಗೆ ನಮ್ಮ ಮನೆಯಲ್ಲೂ ಒಳಗೆ ಬರುವುದಿಲ್ಲ, ಸಾಹೇಬರೂ ಒಪ್ಪಿದ್ದಾರೆ ಎಂದು ಗಿರಿಜಾ ಮಾತು ಕೊಟ್ಟಿದ್ದಳು. ಜೋಳದ ರೊಟ್ಟಿಯ ಪಕ್ಕದಲ್ಲಿ ಗುದ್ದಿ ಒಡೆದ ಹಸಿ ಉಳ್ಳಾಗಡ್ಡಿ ಇಲ್ಲದೆ ಊಟ ಮಾಡುವುದೆಂದರೇನು ಎಂದು ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಹುಡುಗಿಯೇ ನನ್ನ ಮುಖ ನೋಡಿ ಮರುಗಿ, "ಸರ್, ನೀವು ಬಾಲ್ಕನಿಯಲ್ಲಿ ತಿನ್ನಿ, ನಾನು ಆ ಕಡೆ ನೋಡಲ್ಲ," ಎಂದಳು. ಆಗಿನಿಂದ ಕದ್ದು ಬೀಡಿ ಸೇದುವವನಂತೆ ಬಾಲ್ಕನಿಯಲ್ಲಿ ನಿಂತು ಉಳ್ಳಾಗಡ್ಡಿ ಕಡಿದು, ಬಾಯಿ ತೊಳೆದು ಒಳಗೆ ಬರುತ್ತೇನೆ. ಎದುರು ಫ್ಲ್ಯಾಟಿನವರು ಮೊದಮೊದಲು ಕಿಟಕಿ ಮುಚ್ಚಿಕೊಳ್ಳುತ್ತಿದ್ದರು, ಈಗ ಕೈ ಬೀಸುತ್ತಾರೆ.

ಉಳಿದಂತೆ ಮನೆ ತುಂಬಿಕೊಂಡಿತು. ಬೆಳಿಗ್ಗೆ ಕಿಂಜಲ್ ನನ್ನ ಸ್ಕೂಟರಿನ ಹಿಂದೆ ಕೂತು, ಸೇತುವೆಯ ಗಾಳಿಯಲ್ಲಿ ಗಟ್ಟಿಯಾಗಿ ಸಮಾಜ ವಿಜ್ಞಾನದ ಪಾಠ ಒಪ್ಪಿಸುತ್ತಾಳೆ. ಪಕ್ಕದ ರಿಕ್ಷಾದವರು ತಪ್ಪು ತಿದ್ದುತ್ತಾರೆ. ವಾರ್ಷಿಕೋತ್ಸವದಲ್ಲಿ ಅವಳ ಗರಬಾ ನೋಡಿ ಗಿರಿಜಾ ಸೀಟಿನಿಂದೆದ್ದು ಸಿಳ್ಳೆ ಹಾಕಿದಳು. ಇಷ್ಟು ವರ್ಷದ ಸಂಸಾರದಲ್ಲಿ ಅವಳಿಗೆ ಸಿಳ್ಳೆ ಬರುತ್ತದೆಂದು ನನಗೆ ಗೊತ್ತಿರಲಿಲ್ಲ. ಘನಶ್ಯಾಮ್‌ಭಾಯಿ ಹಳ್ಳಿಯಿಂದ ದಿನಾ ಸಂಜೆ ವೀಡಿಯೋ ಕರೆ ಮಾಡುತ್ತಾರೆ. ಮಗಳ ಜೊತೆ ಎರಡು ಮಾತಾಡಿ, ಆಮೇಲೆ ಫೋನಿನಲ್ಲೇ ನನಗೆ ಕಡಲೆ ಹೊಲ, ಎಮ್ಮೆ, ಬಾವಿ ತೋರಿಸುತ್ತಾರೆ.

ಸಪೋರ್ಟ್ ರೂಮು ಮುಚ್ಚಿಹೋಗುತ್ತದೆ ಎಂದುಕೊಂಡಿದ್ದೆ. ಇಲ್ಲ, ಸಾಲು ಇನ್ನೂ ಉದ್ದವಾಗಿದೆ. ಈಗ ಮಾತ್ರ ನಾನು ಬರಾಬರ್ ಎನ್ನುವ ಮೊದಲು ಹಿಂದಿಯಲ್ಲಿ ಇನ್ನೊಮ್ಮೆ ಹೇಳು ಎನ್ನುತ್ತೇನೆ. ಅವರು ಅಯ್ಯೋ ಎಂದು ಮುಖ ಹುಳಿ ಮಾಡಿಕೊಂಡಾದರೂ ಹೇಳುತ್ತಾರೆ.

ಕಳೆದ ವಾರ ಬೋರ್ಡ್ ಪರೀಕ್ಷೆಯ ತಾಲೀಮಿಗೆಂದು ಶಾಲೆಯಲ್ಲೇ ನಡೆಸುವ ಪ್ರಿಲಿಮ್ಸ್ ಫಲಿತಾಂಶ ಬಂತು. ಕಿಂಜಲ್‌ಗೆ ಎಲ್ಲ ವಿಷಯದಲ್ಲೂ ಒಳ್ಳೆಯ ಅಂಕ. ಒಂದರಲ್ಲಿ ಮಾತ್ರ ಹೇಳಲು ನಾಚಿಕೆಯಾಗುವಂತೆ ಡುಮ್ಕಿ ಹೊಡೆದಿದ್ದಳು. ಗಣಿತದಲ್ಲಿ. ನನ್ನ ಮನೆಯಲ್ಲಿ ಉಂಡು, ನನ್ನ ಸ್ಕೂಟರಿನಲ್ಲಿ ತಿರುಗಿ, ನನ್ನ ವಿಷಯದಲ್ಲಿ! ಊಟದ ಮೇಜಿನ ಮೇಲೆ ಉತ್ತರಪತ್ರಿಕೆ ಹರಡಿ, "ತ್ರಿಕೋನಮಿತಿ ನಾನೇ ಅಲ್ಲವೇನಮ್ಮ ಕಲಿಸಿದ್ದು? ಅರ್ಥವಾಯಿತಾ ಅಂತ ಕೇಳಿದಾಗಲೆಲ್ಲ ಎಲ್ಲರಿಗಿಂತ ಮೊದಲು ತಲೆಯಾಡಿಸುತ್ತಿದ್ದವಳು ನೀನೇ ಅಲ್ಲವೇ?" ಎಂದು ಹಿಂದಿಯಲ್ಲಿ ಕೇಳಿದೆ.

ಅವಳು ಗಿರಿಜಾಳ ಕಡೆ ತಿರುಗಿ, ತಗ್ಗಿದ ದನಿಯಲ್ಲಿ ಗುಜರಾತಿಯಲ್ಲಿ ಏನೋ ಹೇಳಿದಳು. ಗಿರಿಜಾ ಬಾಯಿಗೆ ಸೆರಗು ಒತ್ತಿಕೊಂಡಳು.

"ಏನಂತ?" ಎಂದೆ.

"ಬ್ಯಾಡ ಬಿಡ್ರಿ."

"ಏನಂತ ಹೇಳ!"

"ನಿಮ್ಮ ಇಂಗ್ಲಿಷು ಭಾಳ ಜೋರ ಓಡ್ತೈತಂತ. ಜೂನ್‌ದಿಂದ ಒಂದು ಅಕ್ಷರಾನೂ ತಿಳಿದಿಲ್ಲಂತ. ಆದ್ರ ನೀವು ಅಷ್ಟು ಖುಷೀಲೆ ಕಲಿಸ್ತೀರಿ, ಸರ್‌ಗೆ ಬ್ಯಾಸರಾಗಬಾರದು ಅಂತ ತಲಿ ಅಲ್ಲಾಡಿಸ್ತಿದ್ಲಂತ."

ನಾನು ಎದ್ದು ಬಾಲ್ಕನಿಗೆ ಹೋದೆ. ಇವಳೊಬ್ಬಳ ಕಥೆ ಇದು, ಉಳಿದವರು ಜಾಣರು ಎಂದು ನನಗೆ ನಾನೇ ಧೈರ್ಯ ಹೇಳಿಕೊಂಡೆ. ಮರುದಿನ ಕ್ಲಾಸಿಗೆ ಹೋಗಿ, ಅದೇ ತ್ರಿಕೋನಮಿತಿಯ ಲೆಕ್ಕವೊಂದನ್ನು ಹಲಗೆಯ ತುಂಬ ಬಿಡಿಸಿ, ಕೈ ಕೊಡವಿಕೊಂಡು, "ಎಲ್ಲರಿಗೂ ಅರ್ಥವಾಯಿತಾ?" ಎಂದೆ. ತಲೆಗಳೆಲ್ಲ ಒಟ್ಟಿಗೆ ಆಡಿದವು. ಎಲ್ಲ ಮುಖಗಳಲ್ಲೂ ಎಷ್ಟು ಪ್ರೀತಿ, ಎಷ್ಟು ತಾಳ್ಮೆ!

ಕಿಂಜಲ್ ಎದ್ದು ನಿಂತಳು. ಮನೆಯವಳಾದ ಮೇಲೆ ಸಲಿಗೆ ಬಂದಿದೆ. "ಇಲ್ಲ ಸರ್, ಒಬ್ಬರಿಗೂ ಅರ್ಥವಾಗಿಲ್ಲ," ಎಂದಳು.

ಇಡೀ ಕ್ಲಾಸು ಅದಕ್ಕೂ ತಲೆಯಾಡಿಸಿತು.